ವಾರಂಟಿ ಮುಗಿದ ಗೇಮ್ ಕನ್ಸೋಲ್ ಮತ್ತು ಮಗಳು ಕಟ್ಟಿದ ಊರು

ಒಂದು ಶನಿವಾರ ಸಂಜೆ ಮಗಳು ನನ್ನ ಕೋಣೆಗೆ ಬಂದು, "ಅಮ್ಮ, ಟಿವಿ ಕಪ್ಪಾಗಿದೆ, ಆದ್ರೆ ಆಟ ಇನ್ನೂ ನಡೀತಾ ಇದೆ" ಎಂದಳು. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಅವಳು ಕಂಟ್ರೋಲರನ್ನು ನನ್ನ ಅಂಗೈಯಲ್ಲಿಟ್ಟು ಒಂದು ಬಟನ್ ಒತ್ತಿದಳು. ಕಂಟ್ರೋಲರ್ ಸಣ್ಣಗೆ ಕಂಪಿಸಿತು. ಟಿವಿಯಲ್ಲಿ ಚಿತ್ರವೂ ಇರಲಿಲ್ಲ, ಧ್ವನಿಯೂ ಇರಲಿಲ್ಲ, ಆದರೆ ಕನ್ಸೋಲಿನ ದೀಪ ಎಂದಿನಂತೆ ಉರಿಯುತ್ತಿತ್ತು, ಫ್ಯಾನ್ ಎಂದಿನಂತೆ ತಿರುಗುತ್ತಿತ್ತು. ಒಂಬತ್ತು ವರ್ಷದ ಮಗು ಗಮನಿಸಿದ ಈ ಒಂದು ಸಂಗತಿ ಮುಂದೆ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದುದರಿಂದ ಅದನ್ನೇ ಮೊದಲು ಬರೆಯುತ್ತಿದ್ದೇನೆ. ಕನ್ಸೋಲ್ ಸತ್ತಿರಲಿಲ್ಲ, ತಾನು ಮಾಡುತ್ತಿರುವುದನ್ನು ನಮಗೆ ತೋರಿಸುವ ಶಕ್ತಿಯನ್ನಷ್ಟೇ ಕಳೆದುಕೊಂಡಿತ್ತು.

ಇಂಥ ಸಮಯದಲ್ಲಿ ದುಬಾರಿಯಾದ ದೋಷವನ್ನೇ ಮೊದಲು ಊಹಿಸಿಕೊಂಡು ಹೆದರುವುದು ಸಹಜ, ನಾನೂ ಹೆದರಿದೆ. ಆದರೂ ಆ ರಾತ್ರಿ ಕುಳಿತು ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತ ಹೋದೆವು. ಕನ್ಸೋಲನ್ನು ಟಿವಿಯ ಬೇರೆ ಪೋರ್ಟಿಗೆ ಜೋಡಿಸಿದೆವು, ಅನಂತರ ಬೇರೆ ಕೇಬಲ್ ಹಾಕಿದೆವು, ಕೊನೆಗೆ ಕಂಪ್ಯೂಟರಿನ ಮಾನಿಟರಿಗೇ ಜೋಡಿಸಿ ನೋಡಿದೆವು. ಪರದೆ ಒಪ್ಪದ ರೆಸಲ್ಯೂಷನ್ನಿಗೆ, ಅಂದರೆ ಚಿತ್ರದ ಸೂಕ್ಷ್ಮತೆಯ ಮಟ್ಟಕ್ಕೆ, ಕನ್ಸೋಲ್ ಹೋಗಿ ನಿಂತಿದ್ದರೂ ಚಿತ್ರ ಬರುವುದಿಲ್ಲವಾದ್ದರಿಂದ ಅದನ್ನೂ ಪರೀಕ್ಷಿಸಲೇಬೇಕು. ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಕನ್ಸೋಲಿನಲ್ಲಿ ಯಂತ್ರವನ್ನು ಪೂರ್ತಿ ಆರಿಸಿ, ಪವರ್ ಬಟನ್ನನ್ನು ಎರಡನೆಯ ಬೀಪ್ ಕೇಳಿಸುವವರೆಗೆ, ಅಂದರೆ ಸುಮಾರು 7 ಸೆಕೆಂಡು, ಒತ್ತಿ ಹಿಡಿದರೆ ದೋಷ ಸರಿಪಡಿಸಲು ಇರುವ ಸೇಫ್ ಮೋಡ್ ತೆರೆದುಕೊಳ್ಳುತ್ತದೆ, ಅಲ್ಲಿ ರೆಸಲ್ಯೂಷನ್ ಬದಲಿಸಬಹುದು. ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಪವರ್ ಮತ್ತು ಇಜೆಕ್ಟ್ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದು ಕಡಿಮೆ ರೆಸಲ್ಯೂಷನ್ನಿನಲ್ಲಿ ಆರಂಭಿಸಬಹುದು. ನಮ್ಮ ಕನ್ಸೋಲಿಗೆ ಹೇಳಿದ್ದ ಕ್ರಮವನ್ನು ಮೂರು ಬಾರಿ ಅನುಸರಿಸಿದರೂ ಪರದೆಯ ಮೇಲೆ "ಸಿಗ್ನಲ್ ಇಲ್ಲ" ಎಂಬ ಬರಹ ಮಾತ್ರ ಉಳಿಯಿತು.

ಕೊನೆಗೆ ಟಾರ್ಚ್ ಹಿಡಿದು ಕನ್ಸೋಲಿನ ಹಿಂಬದಿಯ, ಟಿವಿಯ ಕೇಬಲ್ ಸೇರುವ ಎಚ್‌ಡಿಎಂಐ ಪೋರ್ಟಿನೊಳಗೆ ಇಣುಕಿದಾಗ ಕಾರಣ ಕಾಣಿಸಿತು. ಆ ಪೋರ್ಟಿನಲ್ಲಿ 19 ಪಿನ್‌ಗಳು ಎರಡು ಸಾಲುಗಳಲ್ಲಿ ಇರುತ್ತವೆ. ನಮ್ಮದರಲ್ಲಿ ಮೇಲಿನ ಸಾಲಿನ ಎರಡು ಪಿನ್‌ಗಳು ಒಳಕ್ಕೆ ತಳ್ಳಲ್ಪಟ್ಟಿದ್ದವು, ಪೋರ್ಟಿನ ಲೋಹದ ಕವಚವೂ ಒಂದು ಬದಿಗೆ ಸ್ವಲ್ಪ ವಾಲಿತ್ತು. ಕನ್ಸೋಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗಲೆಲ್ಲ ನಾವು ಕೇಬಲ್ಲನ್ನು ಕತ್ತಲಲ್ಲಿ ತಡಕಾಡಿ ತುರುಕುತ್ತಿದ್ದೆವು, ಕೇಬಲ್ ಎಲ್ಲಿಯಾದರೂ ಸಿಕ್ಕಿಕೊಂಡರೆ ಎಳೆದು ಬಿಡಿಸುತ್ತಿದ್ದೆವು. ಹಿಂದಿನ ಕೆಲವು ವಾರಗಳಿಂದ ಕೇಬಲ್ ತಗುಲಿದಾಗ ಚಿತ್ರ ಒಂದು ಕ್ಷಣ ಮಿನುಗಿ ಹೋಗುತ್ತಿದ್ದುದು ಆಗ ನೆನಪಾಯಿತು. ಚಿತ್ರ ಮತ್ತು ಧ್ವನಿ ಎರಡೂ ಒಂದೇ ತಂತಿಗಳಲ್ಲಿ ಹೋಗುವುದರಿಂದಲೇ ಎರಡೂ ಒಟ್ಟಿಗೆ ನಿಂತಿದ್ದವು. ತಪ್ಪು ನಮ್ಮ ಮನೆಯದೇ ಆಗಿತ್ತು, ಅದನ್ನು ಕಂಪನಿಯ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಸೋಮವಾರ ಬಿಲ್ ಹುಡುಕಿದೆ. ವಾರಂಟಿ ಒಂದು ವರ್ಷದ್ದು, ಅದು ಮುಗಿದು ಐದು ತಿಂಗಳಾಗಿತ್ತು. ಗ್ರಾಹಕ ಸೇವೆಗೆ ಕರೆ ಮಾಡಿದಾಗ ಮಾತನಾಡಿದ ಯುವಕ ಬಹಳ ಸೌಜನ್ಯದಿಂದ ಎಲ್ಲವನ್ನೂ ವಿವರಿಸಿದ. ದೋಷ ಯಾವುದೇ ಇರಲಿ ನಿಗದಿತ ಶುಲ್ಕವೊಂದಿದೆ. ಕನ್ಸೋಲನ್ನು ಕಳುಹಿಸಿದರೆ ಅದೇ ಮಾದರಿಯ, ದುರಸ್ತಿಯಾದ ಇನ್ನೊಂದು ಕನ್ಸೋಲನ್ನು ಕಳುಹಿಸಿಕೊಡುತ್ತಾರೆ. ನಮ್ಮದರಲ್ಲಿರುವ ಮಾಹಿತಿ ಅಳಿಸಿಹೋಗುತ್ತದೆ. ನಮ್ಮದನ್ನೇ ಸರಿಪಡಿಸಿ ಕೊಡಲು ಸಾಧ್ಯವೇ ಎಂದು ಕೇಳಿದೆ. "ನಿಮಗೆ ಚೆನ್ನಾಗಿ ಕೆಲಸ ಮಾಡುವ ಯಂತ್ರವೇ ಸಿಗುತ್ತದೆ ಮೇಡಂ" ಎಂದ. ಅವನ ಮಾತು ನಿಜವಾಗಿತ್ತು, ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ನನಗೆ ಅದೇ ಕನ್ಸೋಲ್ ಏಕೆ ಬೇಕಾಗಿತ್ತೆಂದರೆ ಅದರೊಳಗೆ ಒಂದು ಊರಿತ್ತು. ಮಗಳೂ ನಾನೂ ಹದಿನಾಲ್ಕು ತಿಂಗಳ ಸಂಜೆಗಳಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ, ಊರು ಕಟ್ಟುವ ಒಂದು ಆಟವನ್ನು ಆಡಿದ್ದೆವು. ಬೀದಿಗಳಿಗೆ ಹೆಸರಿಟ್ಟವಳು ಅವಳು. ಬೆಟ್ಟದ ಇಳಿಜಾರಿನಲ್ಲಿ ಮೂರು ಬಾರಿ ಕುಸಿದ ಶಾಲೆಯನ್ನು ನಾಲ್ಕನೆಯ ಬಾರಿ ನಿಲ್ಲಿಸಿದವಳೂ ಅವಳೇ. ಹೊಳೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಕಮಾನು ಸೇತುವೆ ಅರ್ಧಕ್ಕೆ ನಿಂತಿತ್ತು. ಇದೆಲ್ಲ ಕನ್ಸೋಲಿನೊಳಗಿನ ಸಂಗ್ರಹದಲ್ಲಿ ಮಾತ್ರ ಇತ್ತು. ಬೇರೆಲ್ಲಿಯೂ ನಾವು ಅದರ ಪ್ರತಿ ಇಟ್ಟಿರಲಿಲ್ಲ.

ಕನ್ಸೋಲಿನೊಳಗಿನ ಹಾರ್ಡ್ ಡಿಸ್ಕನ್ನು ತೆಗೆದು ಹೊಸ ಯಂತ್ರಕ್ಕೆ ಹಾಕಿದರೆ ಆಗದೇ ಎಂದು ನನ್ನ ತಮ್ಮ ಕೇಳಿದ. ಕಂಪ್ಯೂಟರಿನ ಅಭ್ಯಾಸವಿದ್ದವರಿಗೆಲ್ಲ ಹೀಗೆಯೇ ತೋಚುತ್ತದೆ, ಆದರೆ ಕನ್ಸೋಲುಗಳು ಹಾಗೆ ಕಟ್ಟಿದವುಗಳಲ್ಲ. ಉದಾಹರಣೆಗೆ, ಪ್ಲೇಸ್ಟೇಷನ್ 4ರ ಹಾರ್ಡ್ ಡಿಸ್ಕನ್ನು ಯಾರು ಬೇಕಾದರೂ ಬದಲಿಸಬಹುದಾದರೂ ಅದರಲ್ಲಿನ ಮಾಹಿತಿ ಆ ಒಂದು ಯಂತ್ರದ ಕೀಲಿಯಿಂದ ಗೂಢಲಿಪಿಯಾಗಿರುತ್ತದೆ. ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಹಾಕಿದರೆ ಅದು ಡಿಸ್ಕನ್ನು ಓದುವುದಿಲ್ಲ, ಫಾರ್ಮ್ಯಾಟ್ ಮಾಡಲು ಹೇಳುತ್ತದೆ. ನಿಂಟೆಂಡೊ ಸ್ವಿಚ್‌ನಲ್ಲಿ ಆಟಗಳನ್ನು ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಬಹುದು, ಆದರೆ ಆಟದ ಪ್ರಗತಿ ಯಂತ್ರದೊಳಗಿನ ಸಂಗ್ರಹದಲ್ಲೇ ಉಳಿಯುತ್ತದೆ. ಹೀಗಾಗಿ ಮದರ್‌ಬೋರ್ಡ್ ಹೋದರೆ ಅದರೊಂದಿಗೆ ಮಾಹಿತಿಯೂ ಹೋದಂತೆ. ಕಂಪನಿಗೆ ಒಂದು ಕನ್ಸೋಲ್ ಇನ್ನೊಂದಕ್ಕೆ ಸಮ. ಆದರೆ ಪ್ರತಿ ಕನ್ಸೋಲನ್ನೂ ಇನ್ನೊಂದಕ್ಕೆ ಸಮವಾಗದಂತೆ ಬೀಗ ಹಾಕಿ ಮಾಡಿದವರೂ ಅವರೇ. ಅಕ್ರಮ ನಕಲುಗಳನ್ನು ತಡೆಯುವುದು ಆ ಬೀಗದ ಉದ್ದೇಶವೆಂಬುದು ನನಗೆ ತಿಳಿದಿದೆ. ಹಾಗಿದ್ದರೂ, ದುರಸ್ತಿಗೆ ಬಂದ ಯಂತ್ರವನ್ನೇ ದುರಸ್ತಿ ಮಾಡಿ ಹಿಂದಿರುಗಿಸುವ ಆಯ್ಕೆಯನ್ನು ಹೆಚ್ಚು ಶುಲ್ಕಕ್ಕಾದರೂ ಇಟ್ಟಿರಬೇಕಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿತ್ರವಿಲ್ಲದೆಯೇ ಪ್ರತಿ ತೆಗೆದುಕೊಳ್ಳುವ ಒಂದು ದಾರಿ ಇತ್ತು. ಕೆಲವು ಕನ್ಸೋಲುಗಳಲ್ಲಿ ದೂರದಿಂದ ಆಡುವ ಸೌಲಭ್ಯವಿದ್ದು, ಚಿತ್ರವನ್ನು ಎಚ್‌ಡಿಎಂಐ ಪೋರ್ಟಿನ ಬದಲು ಮನೆಯ ವೈಫೈ ಮೂಲಕ ಫೋನಿಗೋ ಕಂಪ್ಯೂಟರಿಗೋ ಕಳುಹಿಸಬಹುದು. ಆದರೆ ಅದನ್ನು ಪರದೆ ಕಾಣುವಾಗಲೇ ಹೊಂದಿಸಿಡಬೇಕು. ನಾವು ಹೊಂದಿಸಿರಲಿಲ್ಲ. ಇದನ್ನು ಓದುತ್ತಿರುವವರ ಕನ್ಸೋಲ್ ಸದ್ಯ ಸರಿಯಾಗಿದ್ದರೆ ಈ ಒಂದು ಕೆಲಸವನ್ನು ಇಂದೇ ಮಾಡಿಡಿ ಎಂದು ಕೇಳಿಕೊಳ್ಳುತ್ತೇನೆ.

ವಾರಂಟಿ ಮುಗಿದರೆ ಕಂಪನಿಯ ಹೊಣೆಯೂ ಮುಗಿಯಿತೆಂದು ಒಪ್ಪಿಕೊಳ್ಳುವ ಮೊದಲು ದೋಷ ಯಾವ ಬಗೆಯದೆಂದು ನೋಡಬೇಕು, ಏಕೆಂದರೆ ಬಳಕೆಯಿಂದ ಮುರಿದದ್ದು ಬೇರೆ, ವಿನ್ಯಾಸದಲ್ಲೇ ಇದ್ದ ದೌರ್ಬಲ್ಯ ಬೇರೆ. 2005ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಪವರ್ ಬಟನ್ನಿನ ಸುತ್ತ ಮೂರು ಕೆಂಪು ದೀಪಗಳು ಮಿನುಗಿ ಯಂತ್ರ ನಿಂತುಹೋಗುವ ತೊಂದರೆ ಎಷ್ಟು ವ್ಯಾಪಕವಾಯಿತೆಂದರೆ, 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾತ್ರ ವಾರಂಟಿಯನ್ನು ಖರೀದಿಯ ದಿನದಿಂದ 3 ವರ್ಷಗಳಿಗೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿರಿಸಿತು. ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಕಂಟ್ರೋಲರುಗಳಲ್ಲಿ ಕಡ್ಡಿಯನ್ನು ಮುಟ್ಟದಿದ್ದರೂ ಪಾತ್ರ ತಾನಾಗಿ ಸರಿದುಹೋಗುವ ದೋಷದ ಬಗ್ಗೆ ಗ್ರಾಹಕ ಸಂಘಟನೆಗಳು ದೂರು ಕೊಟ್ಟ ಮೇಲೆ, ವಾರಂಟಿ ಮುಗಿದಿದ್ದರೂ ಅದನ್ನು ಉಚಿತವಾಗಿ ಸರಿಪಡಿಸುವುದಾಗಿ ಆ ಕಂಪನಿ 2023ರಲ್ಲಿ ಯುರೋಪಿನ ಅಧಿಕಾರಿಗಳಿಗೆ ಒಪ್ಪಿಕೊಂಡಿತು. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಸ್ತುಗಳಿಗೆ ಮಾರಾಟಗಾರನೇ ಕನಿಷ್ಠ 2 ವರ್ಷ ಹೊಣೆಗಾರನೆಂಬ ಕಾನೂನೂ ಇದೆ. ಆದ್ದರಿಂದ ದೋಷ ಕಾಣಿಸಿದ ದಿನಾಂಕವನ್ನೂ ಅದರ ಲಕ್ಷಣಗಳನ್ನೂ ಬರೆದಿಟ್ಟುಕೊಂಡು, ಅದೇ ದೋಷ ಇತರರಿಗೂ ಬಂದಿದೆಯೇ, ಕಂಪನಿ ಅದಕ್ಕಾಗಿ ವಿಶೇಷ ಯೋಜನೆಯೇನಾದರೂ ಪ್ರಕಟಿಸಿದೆಯೇ ಎಂದು ವಿಚಾರಿಸುವುದು ವ್ಯರ್ಥವಲ್ಲ. ನಾನೂ ವಿಚಾರಿಸಿದೆ. ಎಳೆದಾಟದಿಂದ ಮುರಿದ ಪೋರ್ಟಿಗೆ ಅಂಥ ಯೋಜನೆ ಇರಲಿಲ್ಲ, ಇರಬೇಕೆಂದು ನಾನು ನಿರೀಕ್ಷಿಸಿರಲೂ ಇಲ್ಲ.

ಹಾಗಾದರೆ ಹೊರಗಿನ ತಂತ್ರಜ್ಞರೇ ಗತಿ ಎಂದು ತೀರ್ಮಾನಿಸಿದಾಗಲೂ ಒಂದು ಸಣ್ಣ ಹಿಂಜರಿಕೆ ಕಾಡಿತು. ಕನ್ಸೋಲಿನ ಹಿಂಬದಿಯಲ್ಲಿ, ಕಿತ್ತರೆ ವಾರಂಟಿ ರದ್ದಾಗುತ್ತದೆಂದು ಬರೆದ ಪುಟ್ಟ ಸ್ಟಿಕ್ಕರೊಂದಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲ್‌ನಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಸೇರಿದಂತೆ ಆರು ಕಂಪನಿಗಳಿಗೆ ಪತ್ರ ಬರೆದು, ತಮ್ಮದೇ ಬಿಡಿಭಾಗ ಅಥವಾ ತಮ್ಮದೇ ಸೇವೆಯನ್ನು ಬಳಸದಿದ್ದರೆ ವಾರಂಟಿ ಇಲ್ಲವೆಂಬ ಮಾತು ಅಲ್ಲಿನ 1975ರ ವಾರಂಟಿ ಕಾನೂನಿಗೆ ವಿರುದ್ಧವಾಗಬಹುದೆಂದು ಎಚ್ಚರಿಸಿತ್ತು. ನನ್ನ ಸಂದರ್ಭದಲ್ಲಿ ಈ ಚರ್ಚೆಯೇ ಅನಗತ್ಯವಾಗಿತ್ತು. ರದ್ದಾಗಲು ವಾರಂಟಿಯೇ ಉಳಿದಿರಲಿಲ್ಲ. ಐದು ತಿಂಗಳಿಂದ ಆ ಕನ್ಸೋಲ್ ಯಾರ ಷರತ್ತಿಗೂ ಒಳಪಡದೆ ಪೂರ್ತಿಯಾಗಿ ನಮ್ಮದಾಗಿತ್ತು ಎಂಬುದು ಸ್ಟಿಕ್ಕರಿನ ಮೇಲೆ ಕೈಯಿಟ್ಟಾಗ ನನಗೆ ಮೊದಲ ಬಾರಿ ಮನಸ್ಸಿಗೆ ಬಂತು.

ಮೊದಲು ಹೋದ ರಿಪೇರಿಯವರು ಕನ್ಸೋಲನ್ನು ಬಿಚ್ಚದೆಯೇ, "ಚಿತ್ರ ಬರುತ್ತಿಲ್ಲ ಅಂದರೆ ಮುಖ್ಯ ಚಿಪ್ಪಿನ ಬೆಸುಗೆ ಬಿಟ್ಟಿದೆ, ಬಿಸಿ ಮಾಡಿ ಕೂರಿಸಬೇಕು" ಎಂದರು. ಕಂಟ್ರೋಲರ್ ಕಂಪಿಸುತ್ತದೆ, ಆಟ ಒಳಗೆ ನಡೆಯುತ್ತಿದೆ ಎಂದು ಹೇಳಿದರೂ ಅವರ ಉತ್ತರ ಬದಲಾಗಲಿಲ್ಲ. ನಾನು ಕನ್ಸೋಲನ್ನು ಹಿಂದಕ್ಕೆ ತೆಗೆದುಕೊಂಡೆ. ಚಿಪ್ಪನ್ನು ಬಿಸಿ ಮಾಡುವ ಈ ಪದ್ಧತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇದರಿಂದ ಹಾಳಾದ ಕನ್ಸೋಲುಗಳು ಬಹಳ. ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ಜನ ಕೆಟ್ಟ ಯಂತ್ರಕ್ಕೆ ಟವೆಲ್ ಸುತ್ತಿ, ಗಾಳಿಯಾಡದಂತೆ ಮಾಡಿ, ಅದರದೇ ಶಾಖದಲ್ಲಿ ಬೇಯಿಸುತ್ತಿದ್ದರು. ಕೆಲವು ಯಂತ್ರಗಳು ಮತ್ತೆ ಎಚ್ಚರಗೊಳ್ಳುತ್ತಿದ್ದುದೂ ನಿಜ. ಆದರೆ ಅವು ಹೆಚ್ಚು ದಿನ ಬಾಳುತ್ತಿರಲಿಲ್ಲ. ಯಂತ್ರ ಮತ್ತೆ ಮತ್ತೆ ಬಿಸಿಯಾಗಿ ತಣ್ಣಗಾಗುವ ಒತ್ತಡಕ್ಕೆ ಬಿಡಿಭಾಗಗಳ ಒಳಗಿನ ಸಂಪರ್ಕಗಳೇ ಬಿರಿಯುತ್ತಿದ್ದವೆಂದು ಮೈಕ್ರೋಸಾಫ್ಟ್‌ನವರೇ 2021ರಲ್ಲಿ ವಿವರಿಸಿದರು. ಬಿರಿದ ಸಂಪರ್ಕ ಶಾಖಕ್ಕೆ ಹಿಗ್ಗಿ ಕೆಲಕಾಲ ಮುಟ್ಟಿಕೊಂಡರೂ ಬಿರುಕು ಬಿರುಕಾಗಿಯೇ ಉಳಿಯುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದ ಆರೋಗ್ಯವಂತ ಭಾಗಗಳೂ ಶಾಖದ ಪೆಟ್ಟು ತಿಂದಿರುತ್ತವೆ. ಮುಖ್ಯ ಚಿಪ್ ಆರೋಗ್ಯವಾಗಿರುವ ಕನ್ಸೋಲಿಗೆ ಈ ಚಿಕಿತ್ಸೆ ಮಾಡಿಸಿದ್ದರೆ ಮಗಳ ಊರು ಅಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ತಂತ್ರಜ್ಞರು ಮಧ್ಯವಯಸ್ಸಿನ ಹೆಂಗಸು, ಮದರ್‌ಬೋರ್ಡಿನ ಸೂಕ್ಷ್ಮ ಬೆಸುಗೆಯ ಕೆಲಸವನ್ನಷ್ಟೇ ಮಾಡುವವರು. ನಾನು ಹೇಳಿದ್ದನ್ನೆಲ್ಲ, ಕಂಪನದ ವಿಷಯವನ್ನೂ, ಕೇಳಿಸಿಕೊಂಡು, "ಬಿಸಿ ಮಾಡುವ ಮೊದಲು ಅಳೆಯೋಣ ಮೇಡಂ, ನೀವೂ ಕುಳಿತು ನೋಡಿ" ಎಂದರು. ನಡುವೆ ಮೊಳೆಯಿರುವ ನಕ್ಷತ್ರಾಕಾರದ ಸ್ಕ್ರೂಗಳನ್ನು ಬಿಚ್ಚಲು ಬೇಕಾದ, ಮೂತಿಯಲ್ಲಿ ರಂಧ್ರವಿರುವ ಸ್ಕ್ರೂಡ್ರೈವರ್ ಅವರಲ್ಲಿತ್ತು. ಬಿಚ್ಚಿದ ಸ್ಕ್ರೂಗಳನ್ನು ಒಂದು ಕಾಗದದ ಮೇಲೆ, ಕನ್ಸೋಲಿನಲ್ಲಿ ಅವು ಇದ್ದ ಜಾಗಕ್ಕೆ ಸರಿಯಾಗಿ ಜೋಡಿಸುತ್ತ ಹೋದರು. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ಜಾಗಕ್ಕೆ ಹಾಕಿ ಬಿಗಿದರೆ ಅದು ಬೋರ್ಡನ್ನೇ ಚುಚ್ಚಬಹುದಂತೆ. ವಿದ್ಯುತ್ ಪೂರೈಸುವ ಘಟಕವನ್ನು ಅವರು ತೆರೆಯಲಿಲ್ಲ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ಮಟ್ಟದ ವಿದ್ಯುತ್ ಉಳಿದಿರಬಹುದೆಂದು, ಮನೆಯಲ್ಲಿ ಕೈಹಾಕುವವರು ನೆನಪಿಡಬೇಕಾದ ಮೊದಲ ಮಾತು ಇದೇ ಎಂದು ಹೇಳಿದರು.

ಅನಂತರ ಅವರು ಮಾಡಿದ ಪರೀಕ್ಷೆ ಬಹಳ ಸರಳವಾಗಿತ್ತು, ಅಷ್ಟೇ ನಿಖರವಾಗಿಯೂ ಇತ್ತು. ಎಚ್‌ಡಿಎಂಐನಲ್ಲಿ ಚಿತ್ರದ ಸಂಕೇತ ನಾಲ್ಕು ಜೋಡಿ ಗೆರೆಗಳಲ್ಲಿ, ಅಂದರೆ ಎಂಟು ಗೆರೆಗಳಲ್ಲಿ, ಸಾಗುತ್ತದೆ. ಆರೋಗ್ಯವಂತ ಬೋರ್ಡಿನಲ್ಲಿ ವಿದ್ಯುತ್ ಅಳೆಯುವ ಮಲ್ಟಿಮೀಟರನ್ನು ಅದರ ಡಯೋಡ್ ಮೋಡಿಗಿಟ್ಟು ಈ ಎಂಟನ್ನೂ ಅಳೆದರೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಪೋರ್ಟಿನ ಪಿನ್‌ಗಳ ಕಡೆಯಿಂದ ಅಳೆದಾಗ ಏಳು ಗೆರೆಗಳಲ್ಲಿ ಒಂದೇ ಅಂಕಿ ಬಂತು, ಎಂಟನೆಯದರಲ್ಲಿ ಏನೂ ಬರಲಿಲ್ಲ. ಅದೇ ಎಂಟನೆಯ ಗೆರೆಯನ್ನು ಬೆಸುಗೆಯ ಆಚೆ, ಬೋರ್ಡಿನ ಕಡೆಯಿಂದ ಅಳೆದಾಗ ಉಳಿದ ಏಳರ ಅಂಕಿಯೇ ಬಂತು. ಎಂದರೆ ಪೋರ್ಟಿನ ಆ ಕಾಲು ಬೋರ್ಡಿನಿಂದ ಮೇಲೆದ್ದಿದೆ, ಆದರೆ ಅದರ ಹಿಂದಿರುವ, ಚಿತ್ರವನ್ನು ಸಂಕೇತವಾಗಿಸಿ ಕಳುಹಿಸುವ ಚಿಪ್ ಚೆನ್ನಾಗಿಯೇ ಇದೆ. ಬೋರ್ಡಿನ ಕಡೆಯೂ ಅಂಕಿ ತಪ್ಪಿದ್ದರೆ ಆ ಚಿಪ್ಪನ್ನೂ ಬದಲಿಸಬೇಕಾಗುತ್ತಿತ್ತು. ಎರಡು ನಿಮಿಷದ ಈ ಅಳತೆಯನ್ನು ಮಾಡದೆ ಕನ್ಸೋಲನ್ನು ಬಿಸಿ ಮಾಡಲು ಹೊರಟವರ ಬಗ್ಗೆ ನನಗೆ ಈಗಲೂ ಬೇಸರವಿದೆ.

ಪೋರ್ಟ್ ಬದಲಿಸುವುದು ಮನೆಯ ಬೆಸುಗೆ ಕಡ್ಡಿಯಿಂದ ಆಗುವ ಕೆಲಸವಲ್ಲವೆಂಬುದನ್ನು ಅಲ್ಲಿ ಕುಳಿತು ನೋಡಿಯೇ ತಿಳಿದೆ. ಯುರೋಪಿನಲ್ಲಿ 2006ರ ಜುಲೈ 1ರಿಂದ ಜಾರಿಗೆ ಬಂದ ನಿಯಮದ ನಂತರ ಇಂಥ ಯಂತ್ರಗಳಲ್ಲಿ ಸೀಸವಿಲ್ಲದ ಬೆಸುಗೆಯನ್ನೇ ಬಳಸುತ್ತಾರೆ. ಹಳೆಯ ಸೀಸ ಮತ್ತು ತವರದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇದು ಕರಗಲು 217 ಡಿಗ್ರಿಯಾದರೂ ಬೇಕು. ಅದರ ಮೇಲೆ ಬೋರ್ಡಿನೊಳಗಿನ ತಾಮ್ರದ ಅಗಲವಾದ ಪದರಗಳು ಕೊಟ್ಟ ಶಾಖವನ್ನೆಲ್ಲ ಹೀರಿ ಹರಡಿಬಿಡುತ್ತವೆ. ಆದ್ದರಿಂದ ಅವರು ಬೋರ್ಡನ್ನು ಕೆಳಗಿನಿಂದ ನಿಧಾನವಾಗಿ ಬೆಚ್ಚಗೆ ಮಾಡಿ, ಹಳೆಯ ಬೆಸುಗೆಗೆ ಸೀಸದ ಬೆಸುಗೆ ಬೆರೆಸಿ ಅದು ಕಡಿಮೆ ಶಾಖಕ್ಕೆ ಕರಗುವಂತೆ ಮಾಡಿಕೊಂಡು, ಬೆಸುಗೆ ಚೆನ್ನಾಗಿ ಹರಿಯಲು ಫ್ಲಕ್ಸ್ ಎಂಬ ಲೇಪ ಹಚ್ಚಿ, ಆ ಮೇಲೆ ಬಿಸಿಗಾಳಿಯ ಉಪಕರಣ ಹಿಡಿದರು. ಸಾಸಿವೆಗಿಂತ ಚಿಕ್ಕದಾದ ಸುತ್ತಲಿನ ಬಿಡಿಭಾಗಗಳಿಗೆ ಶಾಖ ತಗುಲದಂತೆ ಪಟ್ಟಿ ಅಂಟಿಸಿದ್ದರು. ಪೋರ್ಟ್ ತಾನಾಗಿ ಸಡಿಲವಾಗುವವರೆಗೂ ಅದನ್ನು ಎಳೆಯಲೇ ಇಲ್ಲ. ಆತುರದಲ್ಲಿ ಎಳೆದರೆ ಬೋರ್ಡಿನ ಮೇಲಿನ ತಾಮ್ರದ ಗೆರೆಗಳೇ ಕಿತ್ತು ಬರುತ್ತವೆ. ಹೊಸ ಪೋರ್ಟ್ ಕೂರಿಸಿದ ಮೇಲೆ ಸೂಕ್ಷ್ಮದರ್ಶಕದಡಿಯಲ್ಲಿ 19 ಪಿನ್‌ಗಳನ್ನೂ ಒಂದೊಂದಾಗಿ ನೋಡಿ, ಎಂಟು ಗೆರೆಗಳನ್ನು ಮತ್ತೆ ಅಳೆದರು. ಈ ಬಾರಿ ಎಂಟರಲ್ಲೂ ಅಂಕಿ ಒಂದೇ ಆಗಿತ್ತು.

ಮುರಿದದ್ದು ಪೋರ್ಟ್ ಆಗಿದ್ದುದು ನಮ್ಮ ಅದೃಷ್ಟವೆಂದು ಅವರು ಹೇಳಿದರು. ಪೋರ್ಟಿಗೆ ಗುರುತಿನ ಸಂಖ್ಯೆಯಿಲ್ಲ, ಯಾವುದನ್ನು ಹಾಕಿದರೂ ಕನ್ಸೋಲ್ ಒಪ್ಪಿಕೊಳ್ಳುತ್ತದೆ. ಅನೇಕ ಕನ್ಸೋಲುಗಳಲ್ಲಿ ಆಟದ ಡಿಸ್ಕನ್ನು ಓದುವ ಡಿಸ್ಕ್ ಡ್ರೈವ್ ಹಾಗಲ್ಲ, ಅದು ಮದರ್‌ಬೋರ್ಡಿಗೆ ಜೋಡಿಯಾಗಿರುತ್ತದೆ. ಬೇರೆ ಯಂತ್ರದ ಡ್ರೈವನ್ನು ಹಾಗೆಯೇ ತಂದು ಹಾಕಿದರೆ ಡಿಸ್ಕಿನ ಆಟಗಳು ಓಡುವುದಿಲ್ಲ. ಅಮೆರಿಕದಲ್ಲಿ 2021ರ ಅಕ್ಟೋಬರಿನಲ್ಲಿ ಕೃತಿಸ್ವಾಮ್ಯ ಕಾನೂನಿಗೆ ಕೊಟ್ಟ ವಿನಾಯಿತಿಯಲ್ಲಿ, ದುರಸ್ತಿಗಾಗಿ ಕನ್ಸೋಲಿನ ಡಿಜಿಟಲ್ ಬೀಗವನ್ನು ತೆರೆಯಲು ಅನುಮತಿ ದೊರೆತದ್ದು ಈ ಡಿಸ್ಕ್ ಡ್ರೈವಿಗೆ ಮಾತ್ರ, ಅದೂ ಕೆಲಸ ಮುಗಿದ ಮೇಲೆ ಬೀಗವನ್ನು ಮತ್ತೆ ಹಾಕಬೇಕೆಂಬ ಷರತ್ತಿನೊಂದಿಗೆ. ಇದನ್ನು ಕೇಳಿದಾಗ, ಜಪಾನಿನಲ್ಲಿ 1983ರಲ್ಲಿ ಮಾರಾಟಕ್ಕೆ ಬಂದ ಫ್ಯಾಮಿಕಾಮ್ ಕನ್ಸೋಲನ್ನು ನಿಂಟೆಂಡೊ ಬಿಡಿಭಾಗಗಳು ಸಿಗುವುದು ಕಷ್ಟವಾಗುವವರೆಗೂ, ಅಂದರೆ 2007ರ ಅಕ್ಟೋಬರಿನವರೆಗೂ, ದುರಸ್ತಿ ಮಾಡಿಕೊಡುತ್ತಿತ್ತೆಂದು ಹಿಂದೆಂದೋ ಓದಿದ್ದು ನೆನಪಾಗಿ, ಆ ಇಪ್ಪತ್ತನಾಲ್ಕು ವರ್ಷಗಳ ಬಗ್ಗೆ ಗೌರವ ಮೂಡಿತು.

ಮನೆಗೆ ತಂದು ಕೇಬಲ್ ಜೋಡಿಸಿದಾಗ ಮಗಳು ಟಿವಿಯ ಮುಂದೆ ನಿಂತೇ ಇದ್ದಳು. ಊರು ಹಾಗೆಯೇ ಇತ್ತು. ಶಾಲೆ ಇಳಿಜಾರಿನಲ್ಲಿ ನಿಂತಿತ್ತು, ಸೇತುವೆಯ ಒಂದು ಕಮಾನು ಹೊಳೆಯ ಮೇಲೆ ಚಾಚಿ ನಿಂತಿತ್ತು. ಅವಳು ಆಟಕ್ಕೆ ಕೈಹಾಕುವ ಮೊದಲು, ಹತ್ತು ನಿಮಿಷ ತಡಿ ಎಂದು ಕೇಳಿಕೊಂಡು ನಾನು ಪ್ರತಿ ತೆಗೆದೆ. ಈ ವಿಷಯದಲ್ಲಿ ಒಂದೊಂದು ಕನ್ಸೋಲಿನ ರೀತಿ ಒಂದೊಂದು. ಎಕ್ಸ್‌ಬಾಕ್ಸ್ ಒನ್ ಮತ್ತು ಅದರ ನಂತರದ ಯಂತ್ರಗಳು ಪ್ರಗತಿಯನ್ನು ಉಚಿತವಾಗಿ, ತಾವಾಗಿಯೇ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನ ಮೂಲಕ ಕಂಪನಿಯ ಸಂಗ್ರಹಕ್ಕೆ, ಕಳುಹಿಸುತ್ತವೆ. ಪ್ಲೇಸ್ಟೇಷನ್ 4ರಲ್ಲಿ ಅದನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬಹುದು. ಸ್ವಿಚ್‌ನಲ್ಲಿ ಕ್ಲೌಡಿಗೆ ಚಂದಾ ಕಟ್ಟಬೇಕು, ಕಟ್ಟಿದರೂ ಕೆಲವು ಆಟಗಳಿಗೆ ಆ ಸೌಲಭ್ಯ ಇರುವುದಿಲ್ಲ. ಕನ್ಸೋಲ್ ಕೊಂಡ ದಿನವೇ ತಿಳಿದುಕೊಳ್ಳಬೇಕಾಗಿದ್ದ ಇದನ್ನೆಲ್ಲ ನಾನು ಹದಿನೇಳು ತಿಂಗಳು ತಡವಾಗಿ ತಿಳಿದೆ. ಈಗ ಪ್ರತಿ ಭಾನುವಾರ ರಾತ್ರಿ ಪ್ರತಿ ತೆಗೆಯುವುದು ಮಗಳ ಕೆಲಸ, ಅವಳು ಅದನ್ನು ಮರೆಯುವುದಿಲ್ಲ.

ಕನ್ಸೋಲಿನ ಪೋರ್ಟಿಗೆ ಈಗ ಗೇಣುದ್ದದ ಒಂದು ಎಕ್ಸ್‌ಟೆನ್ಶನ್ ಕೇಬಲ್ ಕಾಯಂ ಆಗಿ ಜೋಡಿಸಿಟ್ಟಿದ್ದೇವೆ. ಕನ್ಸೋಲನ್ನು ಒಯ್ಯುವಾಗ ಬಿಚ್ಚುವುದೂ ಹಾಕುವುದೂ ಅದರ ತುದಿಯಲ್ಲೇ ನಡೆಯುವುದರಿಂದ ಬೋರ್ಡಿನ ಪೋರ್ಟಿಗೆ ಎಳೆತ ತಗುಲುವುದಿಲ್ಲ. ಆ ತಂತ್ರಜ್ಞರು ತಮ್ಮ ಕೆಲಸಕ್ಕೆ ಮೂರು ತಿಂಗಳ ವಾರಂಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು, ಅದು ಕಳೆದ ವಾರ ಮುಗಿಯಿತು. ನಿನ್ನೆ ಸಂಜೆ ಸೇತುವೆಯ ಕೊನೆಯ ಕಮಾನು ಆಚೆ ದಡವನ್ನು ಮುಟ್ಟಿತು.